ಉತ್ತರ 400, ಸರಿಯಿದೆ ಸಾರ್

ಹೋದ ವರ್ಷ ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದೆ. ಒಂದು ಹುಚ್ಚಾಸ್ಪತ್ರೆ ಕಟ್ಟಲು 60 ಲಕ್ಷ ಮಾರ್ಕ್ ಬೇಕು. ಬಡ ಸಂಸಾರಕ್ಕೊಂದು ಮನೆ ಕಟ್ಟಲು 15,000 ಮಾರ್ಕ್ ಸಾಕು. ಆಸ್ಪತ್ರೆಯ ದುಡ್ಡಿನಲ್ಲಿ ಅಂಥ ಎಷ್ಟು ಮನೆ ಆಗುತ್ತಿದ್ದವು? ಸೊನ್ನೆ ಹೊಡೆದುಹಾಕಿದರೆ ಬಾಯಲ್ಲೇ ಮುಗಿಯುವ ಭಾಗಾಕಾರ. ಎರಡು ನಿಮಿಷಕ್ಕೆ 42 ಮಕ್ಕಳೂ ಕೈ ಎತ್ತಿದರು. 400. ‘ಮಾರ್ಕ್ ಅಂದ್ರೆ ಏನು ಸಾರ್?’ ಎಂದು ಒಬ್ಬಳು ಕೇಳಿದಳು. ಆಸ್ಪತ್ರೆಯಲ್ಲಿದ್ದವರು ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳಲಿಲ್ಲ.

ಅದು ನಾನು ಹೊಸೆದ ಲೆಕ್ಕವಲ್ಲ. ಹಿಟ್ಲರನ ಕಾಲದ ಜರ್ಮನಿಯ ಗಣಿತ ಪುಸ್ತಕದ್ದು. ಹಾಗೆಂದು ಹೇಳಿದ ಮೇಲೆ ಕ್ಲಾಸು ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗ ಮಾತ್ರ ಎದ್ದು, ‘ಆದ್ರೂ ಪರೀಕ್ಷೇಲಿ ಬಂದ್ರೆ ಬರೀದೆ ಇರೋಕಾಗುತ್ತಾ ಸಾರ್?’ ಅಂದ.

1940ರಿಂದ 1941ರ ಆಗಸ್ಟ್‌ವರೆಗೆ ನಾತ್ಸಿಗಳು ಮನೋರೋಗಿಗಳು, ಬುದ್ಧಿಮಾಂದ್ಯರು ಎಂದು ಪಟ್ಟಿ ಮಾಡಿ 70,000ಕ್ಕೂ ಹೆಚ್ಚು ಜನರನ್ನು ಅನಿಲದ ಕೋಣೆಗಳಲ್ಲಿ ಕೊಂದರು. ಅಂಥ ಆರು ಕೇಂದ್ರಗಳಲ್ಲಿ ಆಸ್ಟ್ರಿಯದ ಹಾರ್ಟ್‌ಹೈಮ್ ಕೋಟೆಯೂ ಒಂದು. ಯುದ್ಧ ಮುಗಿದ ಮೇಲೆ ಅಲ್ಲೊಂದು ಕಡತ ಸಿಕ್ಕಿತು. ಕೊಂದವರ ಸಂಖ್ಯೆ 70,273. ಹತ್ತು ವರ್ಷ ಬದುಕಿದ್ದರೆ ಅವರು ತಿನ್ನುತ್ತಿದ್ದ ಆಲೂಗಡ್ಡೆ ಇಷ್ಟು ಕಿಲೋ, ಜಾಮು ಇಷ್ಟು ಕಿಲೋ. ಒಟ್ಟು ಉಳಿತಾಯ 88 ಕೋಟಿ ಮಾರ್ಕಿಗೂ ಮೇಲೆ. ಶಾಲೆಯ ಲೆಕ್ಕ ಕಚೇರಿಯ ಲೆಕ್ಕವಾಗಿತ್ತು. ಅದನ್ನು ಬರೆದ ಗುಮಾಸ್ತನಿಗೂ ಒಬ್ಬ ಲೆಕ್ಕದ ಮೇಷ್ಟ್ರು ಇದ್ದಿರಬೇಕು. ಒಳ್ಳೆಯ ಮೇಷ್ಟ್ರೇ ಇದ್ದಿರಬೇಕು.

ನಮ್ಮಲ್ಲಿ ಇದೆಲ್ಲ ಸಮಾಜ ವಿಜ್ಞಾನದವರ ಪಾಲು. ಎನ್‌ಸಿಇಆರ್‌ಟಿ 2006ರಲ್ಲಿ ಒಂಬತ್ತನೇ ತರಗತಿಗೆ ತಂದ ಚರಿತ್ರೆ ಪುಸ್ತಕದಲ್ಲಿ ನಾತ್ಸಿವಾದಕ್ಕೆ ಇಡೀ ಅಧ್ಯಾಯವೇ ಇದೆ. ನಮ್ಮ ರಾಜ್ಯದ ಪುಸ್ತಕದಲ್ಲಿ ಹಿಟ್ಲರ್ ಮಹಾಯುದ್ಧದ ಪಾಠದೊಳಗೆ ಬಂದು ಹೋಗುತ್ತಾನೆ. ‘ನನಗಿರೋದು ಎರಡು ಪಿರಿಯಡ್ಡು ಸಾರ್. ವರ್ಸೇಲ್ಸ್ ಒಪ್ಪಂದ ಮುಗಿಸಿದ್ರೆ ಹೆಚ್ಚು’ ಅನ್ನುತ್ತಾರೆ ನಮ್ಮ ಮೇಡಂ. ಅವರ ಮೇಲೆ ಭಾರ ಹೊರಿಸಿ ನಾವು ಮಿಕ್ಕವರು ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವುದು ನ್ಯಾಯವಲ್ಲ. ಇಡೀ ಜನಾಂಗವನ್ನು ಇಲ್ಲವಾಗಿಸಲು ಹೊರಟವರಿಗೆ ನಮ್ಮೆಲ್ಲರ ವಿಷಯಗಳೂ ಬೇಕಾಗಿದ್ದವು.

ಅಮೋನಿಯಾ ಪಾಠವನ್ನೇ ನೋಡಿ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿದ್ದಕ್ಕೆ ಫ್ರಿಟ್ಸ್ ಹೇಬರ್‌ಗೆ 1918ರ ನೊಬೆಲ್ ಬಂತು. ನಮ್ಮ ಮಕ್ಕಳ ಅಪ್ಪಂದಿರು ಸೊಸೈಟಿ ಮುಂದೆ ಸಾಲು ನಿಂತು ತರುವ ಯೂರಿಯಾಕ್ಕೆ ಮೂಲ ಅದೇ. 1915ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಕ್ಲೋರಿನ್ ಬಿಡಿಸಲು ನಿಂತವನೂ ಅವನೇ. ಅವನ ಸಂಸ್ಥೆಯಲ್ಲಿ ಶುರುವಾದ ಸಯನೈಡ್ ಕೀಟನಾಶಕದ ಕೆಲಸ ಮುಂದೆ ತ್ಸೈಕ್ಲಾನ್-ಬಿ ಆಗಿ ಆಷ್‌ವಿಟ್ಸ್ ಕೊಲೆ ಶಿಬಿರಕ್ಕೆ ಹೋಯಿತು. ಹೇಬರ್ ಯೆಹೂದಿ ಮೂಲದವನು. 1933ರಲ್ಲಿ ದೇಶ ಬಿಟ್ಟು, ಮರುವರ್ಷ ತೀರಿಕೊಂಡಿದ್ದ. ಇಷ್ಟು ಹೇಳಲು ಹತ್ತು ನಿಮಿಷ ಸಾಕು. ಸಿಲಬಸ್ ಮುಳುಗಿಹೋಗುವುದಿಲ್ಲ.

ನಮ್ಮ ಕನ್ನಡ ಪಂಡಿತರದು ಬೇರೆಯೇ ತಕರಾರು. ‘ನರಮೇಧ ಅನ್ನೋ ಮಾತೇ ನನಗೆ ಹಿಡಿಸಲ್ಲ. ಅಶ್ವಮೇಧ ಇದ್ದ ಹಾಗೆ ಅದೂ ಒಂದು ಯಜ್ಞದ ಹೆಸರು. ಹಾಗಂದ್ರೆ ಕೊಂದವನು ಯಜಮಾನ ಆಗಿಬಿಡ್ತಾನಲ್ರೀ!’ ನಾನು ಇಪ್ಪತ್ತು ವರ್ಷದಿಂದ ಪೇಪರಿನಲ್ಲಿ ಓದುತ್ತಿದ್ದ ಪದ, ಒಮ್ಮೆಯೂ ಹೊಳೆದಿರಲಿಲ್ಲ. ನಾತ್ಸಿಗಳು ನಡೆಸಿದ ಯೆಹೂದಿಗಳ ಕೊಲೆಗೆ ಇಟ್ಟ ಹೋಲೊಕಾಸ್ಟ್ ಎಂಬ ಹೆಸರಿಗೂ ಗ್ರೀಕ್ ಮೂಲದಲ್ಲಿ ಬೆಂಕಿಗೆ ಪೂರ್ತಿ ಅರ್ಪಿಸಿದ ಬಲಿ ಎಂದೇ ಅರ್ಥ. ರಫೇಲ್ ಲೆಮ್ಕಿನ್ 1944ರಲ್ಲಿ ಕುಲ ಮತ್ತು ಕೊಲೆ ಎರಡನ್ನೂ ಜೋಡಿಸಿ ಜೆನೊಸೈಡ್ ಎಂಬ ಪದ ಕಟ್ಟಿದ. ಅದರಲ್ಲಿ ಹೋಮದ ಹೊಗೆ ಇಲ್ಲ. ನಾತ್ಸಿ ಕಡತಗಳಲ್ಲಿ ಕೊಲೆಗೆ ಬಳಸುತ್ತಿದ್ದ ಮಾತು ‘ವಿಶೇಷ ಉಪಚಾರ’. ವ್ಯಾಕರಣದ ಪಿರಿಯಡ್ಡಿಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ?

ನನ್ನ ವಿಷಯದವರಿಗೆ ಒಂದು ಎಚ್ಚರಿಕೆ. ರುವಾಂಡದಲ್ಲಿ 1994ರಲ್ಲಿ ನೂರು ದಿನಕ್ಕೆ ಸುಮಾರು 8 ಲಕ್ಷ ಜನ ಸತ್ತರು, ದಿನಕ್ಕೆ ಎಷ್ಟು ಎಂದು ಕೇಳಬೇಡಿ. ಮಕ್ಕಳು ಅದನ್ನೂ ಎರಡೇ ನಿಮಿಷದಲ್ಲಿ ಮಾಡಿ ಮುಗಿಸುತ್ತಾರೆ. ಆಗ ಅಲ್ಲಿ ಆಳುತ್ತಿದ್ದ ಬೆಲ್ಜಿಯನ್ನರು 1930ರ ದಶಕದಲ್ಲಿ ತಂದ ಗುರುತಿನ ಚೀಟಿಯ ಕಥೆ ಹೇಳಿ. ಹುಟು, ಟುಟ್ಸಿ, ಟ್ವಾ ಎಂದು ಜನಾಂಗವನ್ನು ಅದರಲ್ಲಿ ಬರೆದಿರುತ್ತಿತ್ತು. 1994ರಲ್ಲಿ ಹುಟು ಉಗ್ರರು ರಸ್ತೆ ಅಡ್ಡಗಟ್ಟಿ ಅದನ್ನು ನೋಡಿಯೇ ಟುಟ್ಸಿಗಳನ್ನು ಕೊಂದರು. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಅಲ್ಲಿನ ಶಾಲೆಗಳಲ್ಲಿ ಮೇಷ್ಟ್ರುಗಳು ಟುಟ್ಸಿ ಮಕ್ಕಳನ್ನು ಎದ್ದು ನಿಲ್ಲಿಸುತ್ತಿದ್ದರು. ಬದುಕುಳಿದವರು ಇದನ್ನು ಮತ್ತೆ ಮತ್ತೆ ನೆನೆದಿದ್ದಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ವಿದ್ಯಾರ್ಥಿವೇತನದ ಫಾರಂ. ‘ಎಸ್‌ಸಿ ಮಕ್ಕಳು ಎದ್ದು ನಿಲ್ರಪ್ಪ’ ಎಂದು ವರ್ಷ ವರ್ಷವೂ ಕೂಗಿ, ತಲೆ ಎಣಿಸಿ, ಬರೆದುಕೊಂಡವನು ನಾನು. ಎರಡೂ ಒಂದೇ ಅಲ್ಲ. ಅದು ಕೊಲ್ಲಲು ನೆರವಾದ ಪಟ್ಟಿ, ಇದು ಹಳೆಯ ಅನ್ಯಾಯಕ್ಕೆ ಪರಿಹಾರ ಕೊಡುವ ಪಟ್ಟಿ. ಆದರೆ ಎದ್ದು ನಿಂತ ಮಗುವಿಗೆ ಕಾಣುವುದು ಮಿಕ್ಕವರು ತಿರುಗಿ ನೋಡುವುದಷ್ಟೇ. ಈಗ ದಾಖಲಾತಿ ಪುಸ್ತಕ ನೋಡಿ ನಾನೇ ತುಂಬುತ್ತೇನೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ.

ಹಿಂದಿನ ಬೆಂಚಿನ ಆ ಹುಡುಗ ಈಗ ಹತ್ತನೇ ತರಗತಿಗೆ ಬಂದಿದ್ದಾನೆ. ಅವನಿಗೆ ನನ್ನದೊಂದು ಉತ್ತರ ಬಾಕಿಯಿದೆ. ಅವತ್ತು ಬೆಲ್ ಹೊಡೆಯುವ ಹೊತ್ತು. ‘ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ’ ಅಂದಿದ್ದೆ.