ಮುಂಬೈಯ ‘ಊರಿನವರ’ ಜಾಲದಿಂದ ಲಿಂಕ್ಡ್‌ಇನ್‌ವರೆಗೆ: ಕೆಲಸ ಕೊಡಿಸುವುದು ಯಾವ ಪರಿಚಯ?

ಮುಂಬೈಯಲ್ಲಿ ಪ್ರಧಾನ ಕಚೇರಿ ಹೊಂದಿರುವ ಟಿಸಿಎಸ್, 2025ರ ಜುಲೈನಲ್ಲಿ ತನ್ನ ಉದ್ಯೋಗಿಗಳಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಇಂಥ ಸುದ್ದಿ ಬಂದಾಗಲೆಲ್ಲ ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಎಂಬ ಹಸಿರು ಪಟ್ಟಿ ಹೊತ್ತ ಫೋಟೊಗಳು ಕಾಣತೊಡಗುತ್ತವೆ. ಹತ್ತು ವರ್ಷ ಮಾತಾಡಿಸದ ಸಹಪಾಠಿಗೆ ‘ಹೇಗಿದ್ದೀಯಾ? ನಿಮ್ಮ ಕಂಪನಿಯಲ್ಲಿ ರೆಫರಲ್ ಸಿಗುತ್ತಾ?’ ಎಂಬ ಮೆಸೇಜ್ ಹೋಗುತ್ತದೆ. ಬಹುತೇಕ ಮೆಸೇಜ್‌ಗಳಿಗೆ ಉತ್ತರ ಬರುವುದಿಲ್ಲ.

ಪರಿಚಯವಿದ್ದರೆ ಕೆಲಸ ಸಿಗುತ್ತದೆ ಎಂಬುದು ಮುಂಬೈಗೆ ಹೊಸ ಮಾತೇನಲ್ಲ. ಈ ನಗರದ ಕನ್ನಡಿಗರು ಮತ್ತು ತುಳುವರು ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕು ಕಟ್ಟಿಕೊಂಡದ್ದೇ ಪರಿಚಯದ ಮೇಲೆ. ಆ ಪರಿಚಯ ಕೆಲಸ ಮಾಡುತ್ತಿದ್ದ ರೀತಿ ಬೇರೆ.

ಊರಿನಿಂದ ಗಲ್ಲಾವರೆಗೆ

ಉಡುಪಿ, ಕಾರ್ಕಳ, ಕುಂದಾಪುರ ಕಡೆಯಿಂದ ಬಸ್ಸು ಹತ್ತಿದ ಹುಡುಗನ ಕೈಯಲ್ಲಿ ಅರ್ಜಿ ಇರುತ್ತಿರಲಿಲ್ಲ. ಊರಿನ ಯಾರದೋ ಹೋಟೆಲಿನ ವಿಳಾಸ ಇರುತ್ತಿತ್ತು. ಅಲ್ಲಿ ಲೋಟ ತೊಳೆಯುವುದರಿಂದ ಶುರು. ಆಮೇಲೆ ಸಪ್ಲೈಯರ್, ನಂಬಿಕೆ ಬಂದ ಮೇಲೆ ಗಲ್ಲಾ, ಅದೃಷ್ಟ ಮತ್ತು ಸಾಲ ಎರಡೂ ಕೈಹಿಡಿದರೆ ಸ್ವಂತ ಹೋಟೆಲ್. ಮಾಟುಂಗಾ ಸ್ಟೇಷನ್ ಪಕ್ಕ ಎ. ರಾಮ ನಾಯಕ್ 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಈಗಲೂ ಊಟಕ್ಕೆ ಸಾಲು ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಶಿಫಾರಸು ಮಾಡಿದವನ ಸ್ಥಿತಿ. ಅವನು ಕರೆತಂದ ಹುಡುಗ ಹಣ ಎತ್ತಿಕೊಂಡು ಓಡಿಹೋದರೆ ಹೋಟೆಲಿನ ಸೇಠ್ ಎದುರು ಮಾತ್ರವಲ್ಲ, ಊರಿನಲ್ಲೂ ಅವನ ಮಾನ ಹೋಗುತ್ತಿತ್ತು. ಹಾಗಾಗಿ ಅವನು ಸುಮ್ಮನೆ ಹೆಸರು ಹೇಳುತ್ತಿರಲಿಲ್ಲ, ಹೇಳಿದ ಮೇಲೆ ಹುಡುಗನ ಮೇಲೆ ಕಣ್ಣಿಡುತ್ತಿದ್ದ. ಇಂದಿನ ರೆಫರಲ್ ಲಿಂಕ್‌ಗಳಲ್ಲಿ ಈ ಹೊಣೆ ಕಾಣುವುದಿಲ್ಲ. ಎಷ್ಟೋ ಕಂಪನಿಗಳು ರೆಫರ್ ಮಾಡಿದವರಿಗೆ ಬೋನಸ್ ಕೊಡುತ್ತವೆ. ಆದ್ದರಿಂದ ಗುರುತೇ ಇಲ್ಲದವರಿಗೂ ಲಿಂಕ್ ಕಳಿಸುವವರಿದ್ದಾರೆ. ಎಚ್‌ಆರ್ ವಿಭಾಗಕ್ಕೂ ಅದು ಗೊತ್ತು.

ಇದೇ ನಂಬಿಕೆಯ ಮೇಲೆ ಸಂಸ್ಥೆಗಳೂ ಹುಟ್ಟಿದವು. ಕೆನರಾ ಕರಾವಳಿಯಿಂದ ಬಂದ ಚಿತ್ರಾಪುರ ಸಾರಸ್ವತರು 1906ರಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಸ್ಥೆ ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. ಬಂಟರ ಸಂಘ 1927ರಲ್ಲಿ ಬಂತು. ಬಿಲ್ಲವರ ಅಸೋಸಿಯೇಷನ್‌ನ ಆಶ್ರಯದಲ್ಲಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಆರಂಭವಾಯಿತು. ಅಡಮಾನಕ್ಕೆ ಆಸ್ತಿ ಇಲ್ಲದವನಿಗೆ ಪರಿಚಿತರ ಜಾಮೀನೇ ಬಂಡವಾಳವಾಗುತ್ತಿದ್ದ ಕಾಲ ಅದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಶಾಲೆ ಎಂದು ನನಗನಿಸುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಘಗಳು ನಡೆಸಿದ ಈ ಶಾಲೆಗಳಿಗೆ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ಸಂಜೆ ಬರುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಇನ್ನೊಂದು ಹೋಟೆಲಿನ, ಕ್ಯಾಂಟೀನಿನ, ಕಚೇರಿಯ ಹುಡುಗ ಕೂರುತ್ತಿದ್ದ. ಬ್ಯಾಂಕಿನಲ್ಲಿ ಜಾಗ ಖಾಲಿ ಇದೆ, ಇಂಥ ಪರೀಕ್ಷೆ ಬರೆಯಬಹುದು ಎಂಬ ಸುದ್ದಿ ತನ್ನದೇ ಹೋಟೆಲಿನ ಅಡುಗೆಮನೆಗಿಂತ ಅಲ್ಲಿ ಸುಲಭವಾಗಿ ಸಿಗುತ್ತಿತ್ತು. ಗುಮಾಸ್ತರು, ವಕೀಲರು, ಬ್ಯಾಂಕ್ ಅಧಿಕಾರಿಗಳಾದ ಎಷ್ಟೋ ಮುಂಬೈ ಕನ್ನಡಿಗರ ದಾರಿ ಈ ಬೆಂಚುಗಳ ಮೂಲಕವೇ ಹಾದುಹೋಗಿದೆ.

ಇದನ್ನು ಕೇವಲ ಸಿಹಿ ನೆನಪಾಗಿ ನೋಡುವುದೂ ಸರಿಯಲ್ಲ. ಬಂದವರಲ್ಲಿ ಅನೇಕರು ಮಕ್ಕಳು. ಮಲಗುವುದು ಹೋಟೆಲಿನ ಮೇಜಿನ ಮೇಲೆ. ಊರಿನವನ ಋಣದಲ್ಲಿದ್ದವನಿಗೆ ಸಂಬಳ ಹೆಚ್ಚು ಕೇಳುವ ಬಾಯಿ ಇರುತ್ತಿರಲಿಲ್ಲ. ಈ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದವರಲ್ಲಿ ಒಬ್ಬರು ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಚೌಪಾಟಿಯಲ್ಲಿ ಮಲಗಿದ್ದ ಜಾರ್ಜ್ ಫರ್ನಾಂಡಿಸ್. ಅವರ ಬಲ ಊರಿನವರಿಗೆ ಸೀಮಿತವಾಗಿರಲಿಲ್ಲ. ಟ್ಯಾಕ್ಸಿ ಚಾಲಕರು, ಪಾಲಿಕೆ ನೌಕರರು ಹೀಗೆ ಭಾಷೆ-ಜಾತಿ ದಾಟಿದ ಸಂಪರ್ಕ ಕಟ್ಟಿಕೊಂಡದ್ದರಿಂದಲೇ 1967ರಲ್ಲಿ ಎಸ್.ಕೆ. ಪಾಟೀಲರಂಥವರನ್ನು ದಕ್ಷಿಣ ಬಾಂಬೆಯಲ್ಲಿ ಸೋಲಿಸಲು ಸಾಧ್ಯವಾಯಿತು.

ದೂರದ ಪರಿಚಯವೇ ಏಕೆ?

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಈಗಲೂ ಉಲ್ಲೇಖವಾಗುತ್ತದೆ. ಪರಿಚಿತರ ಮೂಲಕ ಕೆಲಸ ಪಡೆದವರನ್ನು ಅವರು ಮಾತನಾಡಿಸಿದಾಗ, ಆ ಪರಿಚಿತರನ್ನು ಪದೇಪದೇ ಭೇಟಿಯಾಗುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರಿಗೆ ನೆರವಾದದ್ದು ಆಗೊಮ್ಮೆ ಈಗೊಮ್ಮೆ ಸಿಗುವವರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ಬಹುಪಾಲು ನಮಗೂ ಗೊತ್ತಿರುತ್ತದೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಪರೀಕ್ಷಿಸಿತು. ಫಲಿತಾಂಶದಲ್ಲಿ ಎರಡು ಸೂಕ್ಷ್ಮಗಳಿವೆ. ತೀರಾ ಅಪರಿಚಿತರಿಂದ ಹೆಚ್ಚು ಪ್ರಯೋಜನವಿಲ್ಲ, ಒಂದಿಷ್ಟು ಸಮಾನ ಪರಿಚಿತರಿರುವ ಮಧ್ಯಮ ದೂರದವರೇ ಹೆಚ್ಚು ಉಪಯುಕ್ತ. ಜತೆಗೆ ಡಿಜಿಟಲ್ ಆಧಾರಿತ ಉದ್ಯಮಗಳಲ್ಲಿ ದೂರದ ಪರಿಚಯ ನೆರವಾದರೆ, ಡಿಜಿಟಲ್ ಬಳಕೆ ಕಡಿಮೆ ಇರುವ ಉದ್ಯಮಗಳಲ್ಲಿ ಆಪ್ತ ಸಂಬಂಧವೇ ಮೇಲು. ಅಂದರೆ ಅಜ್ಜನಿಗೆ ಹೋಟೆಲಿನಲ್ಲಿ ಫಲಿಸಿದ ಉಪಾಯ ಪೊವಾಯಿಯ ಐಟಿ ಕಂಪನಿಯಲ್ಲಿ ಮೊಮ್ಮಗನಿಗೆ ಹಾಗೆಯೇ ಫಲಿಸಬೇಕೆಂದಿಲ್ಲ. ಐನೂರು ಅಪರಿಚಿತರಿಗೆ ‘ಕನೆಕ್ಟ್’ ಒತ್ತಿದರೂ ಫಲಿಸದು.

ಮಧ್ಯಮ ದೂರದವರು ಎಂದರೆ ಯಾರು? ಹಿಂದಿನ ಕಂಪನಿಯ ಬೇರೆ ವಿಭಾಗದವರು, ಕಾಲೇಜಿನ ಎರಡು ವರ್ಷ ಹಿರಿಯರು, ಡೊಂಬಿವಲಿ ಲೋಕಲ್‌ನಲ್ಲಿ ದಿನವೂ ಒಂದೇ ಡಬ್ಬಿ ಹತ್ತುವ ಗುಂಪು. ಲೋಕಲ್ ಗೆಳೆತನವನ್ನು ಯಾರೂ ನೆಟ್‌ವರ್ಕಿಂಗ್ ಎಂದು ಕರೆಯುವುದಿಲ್ಲ. ಆದರೆ ಬೇರೆ ಬೇರೆ ಕಚೇರಿಗಳವರು ವರ್ಷಗಟ್ಟಲೆ ಏನನ್ನೂ ಕೇಳದೆ ಮಾತಾಡುವ ಇಂಥ ಜಾಗ ಈ ನಗರದಲ್ಲಿ ಇನ್ನೊಂದಿಲ್ಲ. ಕೆಲಸ ಹೋದ ದಿನ ಇವರಿಗೆ ವಿಷಯ ಹೇಳಲು ಪೀಠಿಕೆ ಬೇಕಾಗುವುದಿಲ್ಲ. ನೇರವಾಗಿ ರೆಫರಲ್ ಕೇಳುವುದಕ್ಕಿಂತ ‘ನಿಮ್ಮಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ, ಏನು ಕಲಿತಿರಬೇಕು’ ಎಂದು ಕೇಳಿದರೆ ಹೆಚ್ಚು ಮಂದಿ ಉತ್ತರಿಸುತ್ತಾರೆ. ಅದಕ್ಕೆ ಅವರು ತಮ್ಮ ಹೆಸರನ್ನು ಪಣಕ್ಕಿಡಬೇಕಿಲ್ಲ.

ಜಾಲದ ಹೊರಗೆ ಉಳಿದವರು

ಈ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಪ್ರಶ್ನೆ ಇದು. ಅರ್ಥಶಾಸ್ತ್ರಜ್ಞರಾದ ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್‌ಝ್ವೈಗ್ ದಾದರ್ ಪ್ರದೇಶದ ಕುಟುಂಬಗಳ ಬಗ್ಗೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದು ಕನ್ನಡಿಗರ ಬಗ್ಗೆ ಅಲ್ಲ, ಆದರೆ ಪಾಠ ನಮಗೂ ಅನ್ವಯಿಸುತ್ತದೆ. ಕಾರ್ಖಾನೆ ಕೆಲಸಗಳಲ್ಲಿ ಜಾತಿಯ ಜಾಲ ಗಟ್ಟಿಯಾಗಿದ್ದ ಸಮುದಾಯಗಳು ಗಂಡುಮಕ್ಕಳನ್ನು ಸ್ಥಳೀಯ ಭಾಷೆಯ ಶಾಲೆಗೆ, ಅಲ್ಲಿಂದ ಅದೇ ಹಳೆಯ ಕೆಲಸಕ್ಕೆ ಕಳಿಸುತ್ತಲೇ ಇದ್ದವು. 1990ರ ದಶಕದಲ್ಲಿ ಕಚೇರಿ ಕೆಲಸದ ಗಳಿಕೆ ಏರಿದರೂ ಇದು ಬದಲಾಗಲಿಲ್ಲ. ಆ ಜಾಲದಲ್ಲಿ ಜಾಗವೇ ಇಲ್ಲದ ಹೆಣ್ಣುಮಕ್ಕಳು ಇಂಗ್ಲಿಷ್ ಮಾಧ್ಯಮದತ್ತ ಹೊರಳಿದರು. ನೆರವಿನ ಜಾಲವೇ ಗಂಡುಮಕ್ಕಳಿಗೆ ಕಟ್ಟುಹಾಕಿತ್ತು.

ಹೋಟೆಲಿನ ಜಾಲವೂ ಗಂಡಸರದ್ದೇ. ಊರಿನಿಂದ ಒಬ್ಬಳೇ ಬಂದ ಹುಡುಗಿಗೆ ಅಲ್ಲಿ ವಿಳಾಸವಿರಲಿಲ್ಲ. ಜಾತಿವಾರು ಸಂಘಗಳು ಇಲ್ಲದ, ಅಥವಾ ಇದ್ದರೂ ದುರ್ಬಲವಾದ ಸಮುದಾಯಗಳವರಿಗೂ ಅಷ್ಟೇ. ಒಬ್ಬರಿಗೆ ಶಿಫಾರಸು ಆದದ್ದು ಹೊರಗಿನವರ ಕಣ್ಣಿಗೆ ವಶೀಲಿಯಾಗಿ ಕಾಣುವುದು ಇಲ್ಲಿಯೇ. ಅವರ ದೂರು ಸುಳ್ಳಲ್ಲ.

ಬದಲಾವಣೆಯ ಗುರುತುಗಳೂ ಇವೆ. ಬಂಟರ ಸಂಘದ ಪೊವಾಯಿಯ ಎಸ್.ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಗಳಲ್ಲಿ ಎಲ್ಲ ಸಮುದಾಯದ ಮಕ್ಕಳು ಓದುತ್ತಾರೆ. ಸಂಘಗಳ ಸದಸ್ಯರ ಪಟ್ಟಿಯಲ್ಲಿ ಇಂದು ಚಾರ್ಟರ್ಡ್ ಅಕೌಂಟೆಂಟ್‌ಗಳು, ವೈದ್ಯರು, ಬ್ಯಾಂಕ್ ಅಧಿಕಾರಿಗಳು, ಸಾಫ್ಟ್‌ವೇರ್ ಎಂಜಿನಿಯರ್‌ಗಳು ಇದ್ದಾರೆ. ಆ ಹೆಸರುಗಳು ಹೆಚ್ಚಾಗಿ ಹೊರಬರುವುದು ವಾರ್ಷಿಕೋತ್ಸವದ ಸನ್ಮಾನಕ್ಕೆ, ಶಾಲು ಹೊದಿಸುವುದಕ್ಕೆ. ತಿಂಗಳಿಗೊಂದು ಸಂಜೆ, ಯಾವ ಸಂಘದವರು ಎಂದು ಕೇಳದೆ, ಕೆಲಸ ಕಳೆದುಕೊಂಡವರನ್ನೂ ಹೊಸದಾಗಿ ಹುಡುಕುತ್ತಿರುವ ಹುಡುಗಿಯರನ್ನೂ ಇವರೊಂದಿಗೆ ಕೂರಿಸಲು ಸಭಾಂಗಣವೂ ಇದೆ, ಕುರ್ಚಿಗಳೂ ಇವೆ.