ಹಿಮ ಚಿರತೆಯ ಉಳಿವು ಕುರಿಗಾಹಿಗಳ ಕೈಯಲ್ಲಿ

ದೇಶದಲ್ಲಿ 718 ಹಿಮ ಚಿರತೆಗಳಿವೆ ಎಂದು ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಪ್ರಕಟಿಸಿತು. 2019ರಿಂದ 2023ರವರೆಗೆ ನಡೆದ ಮೊದಲ ವೈಜ್ಞಾನಿಕ ಅಂದಾಜು ಇದು. ಈ ಪೈಕಿ 477 ಲಡಾಖ್ ಒಂದರಲ್ಲೇ ಇವೆ. ಲೆಕ್ಕ ದೊರೆತದ್ದು ಸ್ವಾಗತಾರ್ಹ. ಆದರೆ ಎಣಿಸಿದ ಮಾತ್ರಕ್ಕೆ ಸಂರಕ್ಷಣೆಯ ಹೊಣೆ ಮುಗಿಯದು.

ಮೂರು ಸಾವಿರ ಮೀಟರ್‌ಗೂ ಎತ್ತರದ, ಮರಗಿಡಗಳು ವಿರಳವಾದ ಕಡಿದಾದ ಬಂಡೆಗಾಡು ಈ ಪ್ರಾಣಿಯ ನೆಲೆ. ಕೂದಲು ತುಂಬಿದ ಅಗಲವಾದ ಪಾದಗಳು ಹಿಮದ ಮೇಲೆ ನಡೆಯಲು ನೆರವಾಗುತ್ತವೆ. ಸುಮಾರು ಒಂದು ಮೀಟರ್ ಉದ್ದದ ಬಾಲ ಪ್ರಪಾತದಂಚಿನಲ್ಲಿ ಸಮತೋಲನ ಕಾಯುತ್ತದೆ. ಮಲಗಿದಾಗ ಅದೇ ಮುಖಕ್ಕೆ ಹೊದಿಕೆ. ಹುಲಿಗೆ ಹತ್ತಿರದ ಸಂಬಂಧಿಯಾದರೂ ಇದು ಗರ್ಜಿಸಲಾರದು.

ಬೇಟೆ ವಿರಳವಾದ ಆ ಶೀತಲ ನಾಡಿನಲ್ಲಿ ಒಂದೊಂದಕ್ಕೂ ನೂರು ಚದರ ಕಿಲೋಮೀಟರ್‌ಗೂ ಮಿಗಿಲಾದ ವ್ಯಾಪ್ತಿ ಬೇಕು. ಏಷ್ಯಾದಲ್ಲಿ ಹಿಮ ಚಿರತೆಗಳಿರುವ ಸಂರಕ್ಷಿತ ಪ್ರದೇಶಗಳ ಪೈಕಿ ಶೇ 40ರಷ್ಟು, ಒಂದು ವಯಸ್ಕ ಗಂಡಿನ ವ್ಯಾಪ್ತಿಗಿಂತಲೂ ಕಿರಿದಾಗಿವೆ ಎಂದು 2016ರ ಅಧ್ಯಯನವೊಂದು ಹೇಳಿದೆ. ಅಂದರೆ ಬೇಲಿ ಹಾಕಿ ಇದನ್ನು ಉಳಿಸಲಾಗದು. ಅದು ಬದುಕಬೇಕಾದುದು ಕುರಿಗಾಹಿಗಳ ನಡುವೆಯೇ.

ಸಂಘರ್ಷದ ಮೂಲವೂ ಇಲ್ಲಿದೆ. ಪಶ್ಮೀನಾ ಉಣ್ಣೆಗೆ ಬೇಡಿಕೆ ಹೆಚ್ಚಿದಂತೆ ಮೇಕೆಗಳ ಹಿಂಡು ಬೆಳೆಯುತ್ತದೆ. ನೀಲಿ ಕುರಿ, ಐಬೆಕ್ಸ್‌ಗಳಿಗೆ ಮೇವು ಕುಗ್ಗುತ್ತದೆ. ಹಸಿದ ಚಿರತೆ ದೊಡ್ಡಿಗೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಹಲವು ಕುರಿಗಳು ಬಲಿಯಾಗುತ್ತವೆ. ವರ್ಷದ ದುಡಿಮೆ ಕಳೆದುಕೊಂಡವನಿಗೆ ವನ್ಯಜೀವಿಯ ಮಹತ್ವ ಬೋಧಿಸುವುದು ಕ್ರೌರ್ಯವೇ ಸರಿ.

ಪರಿಹಾರದ ಮಾದರಿ ನಮ್ಮ ಮುಂದಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಗ್ರಾಮಸ್ಥರೊಡನೆ ಒಪ್ಪಂದ ಮಾಡಿಕೊಂಡು, ಹುಲ್ಲುಗಾವಲಿನ ಒಂದು ಭಾಗವನ್ನು ಮೇಯಿಸದೆ ಬಿಡಿಸಿದರು. ಅಲ್ಲಿ ನೀಲಿ ಕುರಿಗಳು ಹೆಚ್ಚಿದವು. ಜಾನುವಾರು ವಿಮೆಯನ್ನು ಗ್ರಾಮಸ್ಥರೇ ನಿರ್ವಹಿಸುವ ವ್ಯವಸ್ಥೆಯೂ ರೂಪುಗೊಂಡಿತು.

ಇಂಥ ಯತ್ನಗಳು ಬಿಡಿ ಪ್ರಯೋಗಗಳಾಗಿ ಉಳಿಯಬಾರದು. ಭದ್ರವಾದ ದೊಡ್ಡಿ, ವಿಳಂಬವಿಲ್ಲದ ಪರಿಹಾರ, ಪ್ರವಾಸಿಗರ ಕಸ ತಿಂದು ಹೆಚ್ಚುತ್ತಿರುವ ಬೀದಿನಾಯಿಗಳ ನಿಯಂತ್ರಣ ಇವು ಸರ್ಕಾರದ ಆದ್ಯತೆಗಳಾಗಲಿ. 718 ಎಂಬ ಅಂಕಿಯ ಭವಿಷ್ಯ ನಿರ್ಧಾರವಾಗುವುದು ದೆಹಲಿಯ ಕಚೇರಿಗಳಲ್ಲಲ್ಲ, ಹಿಮಾಲಯದ ಕುರಿದೊಡ್ಡಿಗಳಲ್ಲಿ.