ಪಿಸ್ತೂಲು ಕಚ್ಚಿದರೆ ಕೈಯನ್ನೇ ಬೈಯುವುದೇಕೆ?

ಪೊಲೀಸರ ಗುಂಡು ಹಾರಿಸುವ ಅಭ್ಯಾಸದ ಸುದ್ದಿ ಸಾಮಾನ್ಯವಾಗಿ ಯಾರು ಉದ್ಘಾಟಿಸಿದರು, ಯಾರಿಗೆ ಬಹುಮಾನ ಬಂತು ಎಂಬಲ್ಲಿಗೆ ಮುಗಿಯುತ್ತದೆ. ಹೆಬ್ಬೆರಳು, ತೋರುಬೆರಳ ನಡುವಿನ ಚರ್ಮ ಕಿತ್ತುಬಂದು, ಕರವಸ್ತ್ರ ಸುತ್ತಿಕೊಂಡು ನಿಂತ ಪೇದೆ ಅದರಲ್ಲಿ ಬರುವುದಿಲ್ಲ. ‘ಹಿಡಿಯೋಕೇ ಬರಲ್ಲ ಇವನಿಗೆ’ ಎಂದು ನಕ್ಕುಬಿಟ್ಟರೆ ವಿಷಯ ಅಲ್ಲಿಗೆ ಮುಗಿಯಿತು. ಇದು ನಗುವ ವಿಷಯವಲ್ಲ ಎನ್ನುವುದು ನಮ್ಮ ವಾದ.

ಗುಂಡು ಹಾರಿದೊಡನೆ ಪಿಸ್ತೂಲಿನ ಮೇಲಿನ ಸ್ಲೈಡ್ ರಭಸದಿಂದ ಹಿಂದೆ ಸರಿದು ಹ್ಯಾಮರನ್ನು ಹಿಂದಕ್ಕೂ ಕೆಳಕ್ಕೂ ಒತ್ತುತ್ತದೆ. ಹಿಡಿಕೆಯ ಮೇಲ್ತುದಿಯಲ್ಲಿ ಹಿಂದಕ್ಕೆ ಚಾಚಿದ ಭಾಗ ಗಿಡ್ಡವಾಗಿದ್ದರೆ, ಕೈಯ ಚರ್ಮ ಅದಕ್ಕೂ ಹ್ಯಾಮರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೈ ದಪ್ಪಗಿರುವವರಿಗೆ ಈ ಕಾಟ ಹೆಚ್ಚು.

1911ರ ಕೋಲ್ಟ್ ಪಿಸ್ತೂಲಿನಲ್ಲಿ ಇದೇ ತೊಂದರೆ ಇತ್ತು. ಅಮೆರಿಕದ ಸೇನೆ ಸೈನಿಕರ ಕೈಯನ್ನು ದೂರಲಿಲ್ಲ. 1920ರ ದಶಕದಲ್ಲಿ ಆ ಚಾಚನ್ನು ಉದ್ದ ಮಾಡಿಸಿತು, ಹ್ಯಾಮರಿನ ತುದಿಯನ್ನು ಗಿಡ್ಡ ಮಾಡಿಸಿತು. 1935ರ ಬ್ರೌನಿಂಗ್ ಹೈ-ಪವರ್ ಕೂಡ ಕೈ ಕಚ್ಚುವುದಕ್ಕೆ ಹೆಸರಾದದ್ದೇ. ನಮ್ಮ ಸೇನೆ, ಪೊಲೀಸರು ಬಳಸುತ್ತ ಬಂದಿರುವ ಇಶಾಪುರ ಕಾರ್ಖಾನೆಯ 9 ಎಂಎಂ ಪಿಸ್ತೂಲು ಅದೇ ವಿನ್ಯಾಸದ್ದು.

ಗಾಯ ಚಿಕ್ಕದೇ. ಆದರೆ ಒಮ್ಮೆ ಕಚ್ಚಿಸಿಕೊಂಡ ಕೈ ಮುಂದಿನ ಸಲ ಟ್ರಿಗರ್ ಒತ್ತುವ ಮೊದಲೇ ಬೆದರುತ್ತದೆ. ಕೈ ಬೆದರಿದರೆ ಗುರಿ ತಪ್ಪುತ್ತದೆ. ಮೈದಾನದಲ್ಲಿ ತಪ್ಪಿದ ಗುಂಡು ಮಣ್ಣಿನ ದಿಬ್ಬಕ್ಕೆ ಹೋಗುತ್ತದೆ, ಸಂತೆ ಬೀದಿಯಲ್ಲಿ ತಪ್ಪಿದ್ದು ಎಲ್ಲಿಗೆ ಹೋದೀತು?

ಪರಿಹಾರ ಕಷ್ಟದ್ದಲ್ಲ. ತರಬೇತಿಯ ಮೊದಲ ದಿನವೇ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಎರಡೆರಡು ಸಲ ನೋಡಿ, ಪ್ರತಿಯೊಬ್ಬರ ಕೈಗೂ ಪಿಸ್ತೂಲು ಕೊಡಲಿ. ತರಬೇತುದಾರರು ಸ್ಲೈಡನ್ನು ನಿಧಾನವಾಗಿ ಹಿಂದಕ್ಕೆಳೆದರೆ ಚರ್ಮ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಕಣ್ಣಿಗೇ ಕಾಣುತ್ತದೆ. ಸಿಕ್ಕುವವರು ಹಿಡಿತವನ್ನು ತುಸು ಕೆಳಗಿಳಿಸಬೇಕು. ಇನ್ನೊಂದು ಕೈಯ ಹೆಬ್ಬೆರಳು ಸ್ಲೈಡಿನ ಹಿಂದೆ ಹೋಗಲೇಬಾರದು. ಅಷ್ಟಾದರೂ ಕಚ್ಚಿದರೆ ತೆಳು ಕೈಗವಸು ಕೊಡಲಿ. ಹ್ಯಾಮರನ್ನು ಸ್ವಂತ ಬುದ್ಧಿಯಿಂದ ಅರದಿಂದ ಉಜ್ಜುವುದು ಮಾತ್ರ ಬೇಡ, ಅದು ಆರ್ಮರರ್ ಕೆಲಸ.

ಈ ಮಾತು ಕೊಡಗಿಗೂ ಸಲ್ಲುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ. 2029ರವರೆಗೆ ವಿಸ್ತರಿಸಿರುವ ಆ ವಿನಾಯಿತಿಯಲ್ಲಿ ಪಿಸ್ತೂಲೂ ಸೇರಿದೆ. ಕಾನೂನು ಕೊಟ್ಟ ವಿನಾಯಿತಿಯನ್ನು ಹ್ಯಾಮರ್ ಕೊಡುವುದಿಲ್ಲ.

ಮುಂದಿನ ಅಭ್ಯಾಸದ ವರದಿಗೆ ಹೋಗುವ ಗೆಳೆಯರು ಎಷ್ಟು ಗುಂಡು ಗುರಿ ಮುಟ್ಟಿತು ಎಂದು ಕೇಳುವ ಜೊತೆಗೆ ಎಷ್ಟು ಕೈಗೆ ಪಟ್ಟಿ ಬಿತ್ತು ಎಂದೂ ಕೇಳಿ. ಲೆಕ್ಕ ಕೇಳುವವರಿದ್ದರೆ ಲೆಕ್ಕ ಇಡುವವರೂ ಹುಟ್ಟುತ್ತಾರೆ.